ಮನೆಯ ನಾಯಿ ಬೆಕ್ಕುಗಳಿಗೆ ಅರಿಶಿನ



ಇವತ್ತು ನಾನು ಮಾತಾಡಬೇಕೆಂದಿರುವುದು ಬೆಳೆಯ ವಿಷಯವಲ್ಲ, ದನಕರುಗಳ ವಿಷಯವೂ ಅಲ್ಲ. ನಿಮ್ಮ ಜಗಲಿಯ ಕೆಳಗೆ ಮುದುರಿ ಮಲಗಿರುವ ನಾಯಿ, ಒಲೆಯ ಪಕ್ಕ ಬೆಚ್ಚಗೆ ಕೂತಿರುವ ಬೆಕ್ಕು, ಇವೆರಡರ ವಿಷಯ. "ಅವಕ್ಕೇನು ಮಹಾ, ಹಾಕಿದ್ದು ತಿಂದುಕೊಂಡು ಬಿದ್ದಿರುತ್ತವೆ" ಅನ್ನಬೇಡಿ. ರಾತ್ರಿ ಹೊತ್ತು ಹೊಲಕ್ಕೆ ಕಾಡುಹಂದಿ ನುಗ್ಗಿದರೆ ಮೊದಲು ಬೊಗಳಿ ನಿಮ್ಮನ್ನು ಎಬ್ಬಿಸುವುದು ಯಾರು? ವರ್ಷದ ರಾಗಿಯನ್ನು ಇಲಿಗಳ ಬಾಯಿಂದ ಉಳಿಸುವುದು ಯಾರು? ಇವು ಸಂಬಳ ಕೇಳದ ಆಳುಗಳು. ಇವುಗಳ ಆರೋಗ್ಯವೂ ಮನೆವಾರ್ತೆಯ ಒಂದು ಭಾಗವೇ.

ಈ ಪ್ರಾಣಿಗಳಿಗೆ ಏನಾದರೂ ಆದರೆ ನಮ್ಮ ಕೈ ಮೊದಲು ಹೋಗುವುದು ಒಗ್ಗರಣೆ ಡಬ್ಬಿಗೆ. ಕುಂಟಿದರೆ ಅರಿಶಿನ, ಕೆಮ್ಮಿದರೆ ಅರಿಶಿನದ ಹಾಲು, ಊಟ ಬಿಟ್ಟರೆ ಅರಿಶಿನದ ಉಂಡೆ. ನಮಗೆ ಒಳ್ಳೆಯದಾದದ್ದು ಅವಕ್ಕೂ ಒಳ್ಳೆಯದೇ ತಾನೆ ಎಂಬ ನಂಬಿಕೆ. ಈ ನಂಬಿಕೆಯಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಎಂಬುದನ್ನು ಇವತ್ತು ಸ್ವಲ್ಪ ನೋಡೋಣ. ಮೊದಲು ನಾನು ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇನೆ.

ಗುಂಡ್ಲುಪೇಟೆ ಕಡೆಯ ಒಂದು ಹಳ್ಳಿ. ಆ ಸೀಮೆಯಲ್ಲಿ ಅರಿಶಿನದ ಬೆಳೆ ಹೆಚ್ಚು ಎಂಬುದು ನಿಮಗೆ ಗೊತ್ತೇ ಇದೆ. ಆ ಮನೆಯವರೂ ಅರಿಶಿನ ಬೆಳೆಯುವವರೇ. ಅವರ ಮನೆಯಲ್ಲಿ ಕರಿಯ ಅಂತ ಒಂದು ನಾಯಿ. ಒಂದು ದಿನ ಕರಿಯ ಮುದ್ದೆ ಮೂಸಿ ನೋಡಿ ಹಾಗೇ ಬಿಟ್ಟಿತು. ಮೈ ಬಿಸಿಯಾಗಿತ್ತು. ಮನೆಯ ಹಿರಿಯ ಅಜ್ಜಿ ದಿನಕ್ಕೆ ಎರಡು ಸಲ, ಸಲಕ್ಕೆ ಒಂದು ಚಮಚದಂತೆ, ಅರಿಶಿನವನ್ನು ಬೆಲ್ಲದಲ್ಲಿ ಕಲೆಸಿ ಬಾಯೊಳಗಿಟ್ಟು ನುಂಗಿಸಿದರು. ಮೂರನೆಯ ದಿನ ಸೊಸೆ ನೋಡಿ, "ಅತ್ತೆ, ಕರಿಯನ ವಸಡೆಲ್ಲ ಹಳದಿಯಾಗಿದೆ" ಅಂದರು. "ಅರಿಶಿನ ತಿಂದ ಬಾಯಿ ಹಳದಿಯಾಗದೆ ಇನ್ನೇನಾಗುತ್ತೆ?" ಅಂದರು ಅಜ್ಜಿ. ಉಚ್ಚೆಯೂ ಕಡು ಹಳದಿಯಾಯಿತು. ಅದನ್ನೂ ಅರಿಶಿನದ ಲೆಕ್ಕಕ್ಕೇ ಸೇರಿಸಿದರು. ಐದನೆಯ ದಿನ ನಾಯಿ ಏಳಲಾರದೆ ಹೋದಾಗ ಗೋಣಿಚೀಲದ ಮೇಲೆ ಮಲಗಿಸಿಕೊಂಡು ನನ್ನ ಹತ್ತಿರ ತಂದರು. ಕಣ್ಣಿನ ಬಿಳಿ ಭಾಗವೂ ಹಳದಿಯಾಗಿತ್ತು. ಕಿವಿಯ ಒಳಗೂ ಹಳದಿ. ಅಲ್ಲಿಗೆ ಯಾರೂ ಅರಿಶಿನ ಹಾಕಿರಲಿಲ್ಲ. ಅದು ಕಾಮಾಲೆ. ಉಣ್ಣಿ ಕಚ್ಚಿ ಬರುವ ಜ್ವರದಿಂದ ರಕ್ತ ಒಡೆದು ಬಂದ ಕಾಮಾಲೆ. ಸೂಜಿ ಹಾಕಿದೆ, ಆದರೆ ಆ ರಾತ್ರಿ ನಾಯಿ ಉಳಿಯಲಿಲ್ಲ.

ಮಾರನೆಯ ದಿನ ಅಜ್ಜಿ ಬಂದು ಕೇಳಿದರು: "ಡಾಕ್ಟ್ರಪ್ಪ, ನಾನು ಕೊಟ್ಟ ಅರಿಶಿನವೇ ಅದಕ್ಕೆ ಮುಳುವಾಯ್ತಾ?"

"ಇಲ್ಲ ಅವ್ವ. ಅರಿಶಿನ ಕೊಲ್ಲಲಿಲ್ಲ. ನಾಲ್ಕು ದಿನದ ತಡ ಕೊಂದಿತು" ಅಂದೆ.

ಬಂಧುಗಳೇ, ಇವತ್ತಿನ ನನ್ನ ಮಾತಿನ ಸಾರವೆಲ್ಲ ಇಷ್ಟೇ. ಅರಿಶಿನ ಆಹಾರದ ಜೊತೆ ಸೇರುವ ಒಂದು ಒಳ್ಳೆಯ ಪದಾರ್ಥ. ಅದು ವೈದ್ಯರ ಬದಲಿಗೆ ನಿಲ್ಲುವ ಪದಾರ್ಥವಲ್ಲ. ಈ ಗೆರೆಯನ್ನು ದಾಟದೆ ಕೊಟ್ಟರೆ ಹೆದರಬೇಕಾದ್ದಿಲ್ಲ.

ಈಗ ಅರಿಶಿನದಲ್ಲಿ ಏನಿದೆ ಎಂಬುದನ್ನು ನೋಡೋಣ. ಅದಕ್ಕೆ ಹಳದಿ ಬಣ್ಣ ಕೊಡುವ ಮುಖ್ಯ ವಸ್ತುವಿಗೆ ಕರ್ಕ್ಯುಮಿನ್ ಎಂದು ಹೆಸರು. ಬಾವು ಇಳಿಸುವ ಗುಣ ಇದಕ್ಕೇ ಇದೆ ಎನ್ನುತ್ತಾರೆ. ಆದರೆ ಒಣ ಅರಿಶಿನದ ಪುಡಿಯಲ್ಲಿ ಇದು ಇರುವುದು ಸುಮಾರು 100ಕ್ಕೆ 2ರಿಂದ 5 ಪಾಲು ಮಾತ್ರ. ಒಂದು ಚಹಾ ಚಮಚ ಪುಡಿ ಸುಮಾರು 3 ಗ್ರಾಂ ತೂಗಿದರೆ, ಅದರಲ್ಲಿ ಕರ್ಕ್ಯುಮಿನ್ 60ರಿಂದ 150 ಮಿಲಿಗ್ರಾಂ. ಅದರಲ್ಲೂ ಬಹುಪಾಲು ಕರುಳಿನಲ್ಲಿ ಹೀರಿಕೊಳ್ಳದೆ ಸಗಣಿಯ ದಾರಿ ಹಿಡಿದಂತೆ ಹೊರಗೆ ಹೋಗಿಬಿಡುತ್ತದೆ.

ಈ ವಿಷಯದಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಒಂದು ಪ್ರಯೋಗ ಮಾಡಿ 1998ರಲ್ಲಿ ಪ್ರಕಟಿಸಿದರು. ಆರೋಗ್ಯವಾಗಿದ್ದ ಜನರಿಗೆ 2 ಗ್ರಾಂ ಕರ್ಕ್ಯುಮಿನ್ ಬರಿದಾಗಿ ಕೊಟ್ಟರೆ ರಕ್ತದಲ್ಲಿ ಅದು ಕಂಡದ್ದು ತೀರ ಅಲ್ಪ. ಕರಿಮೆಣಸಿನಲ್ಲಿರುವ ಪೈಪರಿನ್ ಎಂಬ ಖಾರದ ವಸ್ತುವನ್ನು 20 ಮಿಲಿಗ್ರಾಂ ಜೊತೆಗೆ ಸೇರಿಸಿ ಕೊಟ್ಟಾಗ ಅದು 20 ಪಟ್ಟು ಹೆಚ್ಚಿತು. ಅದೇ ಪ್ರಯೋಗವನ್ನು ಇಲಿಗಳ ಮೇಲೆ ಮಾಡಿದಾಗ ಅಷ್ಟು ಹೆಚ್ಚಲಿಲ್ಲ. ಇದರಿಂದ ನಾವು ಎರಡು ಪಾಠ ಕಲಿಯಬೇಕು. ಮನುಷ್ಯನ ಮೈಯಲ್ಲಿ ಆದದ್ದು ಪ್ರಾಣಿಯ ಮೈಯಲ್ಲೂ ಹಾಗೇ ಆಗುತ್ತದೆ ಎನ್ನುವ ಹಾಗಿಲ್ಲ, ಇದು ಮೊದಲನೆಯದು. ಮೆಣಸು ಅರಿಶಿನವನ್ನು ಮಾತ್ರವಲ್ಲ, ಕೆಲವು ಔಷಧಗಳನ್ನೂ ರಕ್ತಕ್ಕೆ ಹೆಚ್ಚಾಗಿ ಇಳಿಸುತ್ತದೆ; ಇದು ಎರಡನೆಯದು. ಮಾತ್ರೆ ತಿನ್ನುತ್ತಿರುವ ನಾಯಿಗೆ ಮೆಣಸು ಅರಿಶಿನದ ಕಷಾಯ ಕುಡಿಸಿದರೆ ಮಾತ್ರೆಯ ಪ್ರಮಾಣವೇ ಏರುಪೇರಾಗಬಹುದು.

"ಮುದಿನಾಯಿಯ ಕೀಲುನೋವಿಗೆ ಅರಿಶಿನ ಒಳ್ಳೆಯದಂತೆ, ಹೌದಾ?" ಎಂದು ಅನೇಕರು ಕೇಳುತ್ತಾರೆ. ಬ್ರಿಟನ್ನಿನ ಪಶುವೈದ್ಯರು ಮೊಣಕೈ ಮತ್ತು ಸೊಂಟದ ಕೀಲು ಸವೆದ ಅರವತ್ತರಷ್ಟು ನಾಯಿಗಳನ್ನು ಆರಿಸಿ, ಕೆಲವಕ್ಕೆ ಅರಿಶಿನದ ಸಾರ, ಉಳಿದವಕ್ಕೆ ಅದರಂತೆಯೇ ಕಾಣುವ ಬರೀ ಪುಡಿ, 8 ವಾರ ಕೊಟ್ಟು ನೋಡಿದರು. 2003ರಲ್ಲಿ ಅದರ ಫಲ ಪ್ರಕಟವಾಯಿತು. ಪರೀಕ್ಷಿಸಿದ ವೈದ್ಯರ ಕಣ್ಣಿಗೆ ಅರಿಶಿನ ತಿಂದ ನಾಯಿಗಳು ಸ್ವಲ್ಪ ಸುಧಾರಿಸಿದಂತೆ ಕಂಡವು. ಆದರೆ ನೋವಿದ್ದ ಕಾಲಿನ ಮೇಲೆ ನಾಯಿ ಎಷ್ಟು ಭಾರ ಊರುತ್ತದೆ ಎಂದು ಯಂತ್ರದಲ್ಲಿ ಅಳೆದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಆದ್ದರಿಂದ ಅರಿಶಿನದಿಂದ ಸ್ವಲ್ಪ ಹಿತವಾದರೆ ಆಗಲಿ, ಕುಂಟು ಪೂರ್ತಿ ಹೋಗುತ್ತದೆ ಎಂದು ಕಾಯುತ್ತ ಕೂರಬೇಡಿ.

ಇರಲಿ. ಗಟ್ಟಿಮುಟ್ಟಾದ, ಬೆಳೆದ ನಾಯಿಗೆ ಅರಿಶಿನ ಕೊಡಲೇಬೇಕೆಂದು ನಿಮಗೆ ಮನಸ್ಸಿದ್ದರೆ ಕೊಡುವ ಕ್ರಮ ಹೀಗೆ.

ಮೊದಲನೆಯದು, ಅಳತೆ. ನಮ್ಮ ಊರುನಾಯಿ ಸಾಮಾನ್ಯವಾಗಿ 15ರಿಂದ 20 ಕಿಲೋ ತೂಗುತ್ತದೆ. ಇಂಥ ನಾಯಿಗೆ ಮೊದಲ ವಾರ ದಿನಕ್ಕೆ ಒಂದು ಚಿಟಿಕೆ ಸಾಕು. ವಾಂತಿ, ಭೇದಿ ಏನೂ ಇಲ್ಲವಾದರೆ ನಿಧಾನವಾಗಿ ಏರಿಸಿ ಕಾಲು ಚಹಾ ಚಮಚಕ್ಕೆ ನಿಲ್ಲಿಸಿ. ದಿನಕ್ಕೆ ಅದಕ್ಕಿಂತ ಮೇಲೆ ಹೋಗಬೇಡಿ. 5 ಕಿಲೋ ಸುತ್ತಿನ ಸಣ್ಣ ನಾಯಿಗೆ ಚಿಟಿಕೆಯೇ ಕೊನೆಯ ಅಳತೆ. ಮೂರು ತಿಂಗಳು ತುಂಬದ ಮರಿಗೆ ಬೇಡವೇ ಬೇಡ. ಅತಿಯಾದರೆ ಅಮೃತವೂ ವಿಷ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಅರಿಶಿನ ಹೆಚ್ಚಾದರೆ ಹೊಟ್ಟೆ ಕೆಡುತ್ತದೆ, ವಾಂತಿಯಾಗುತ್ತದೆ, ಕೆಲವು ನಾಯಿಗಳಿಗೆ ಮಲಬದ್ಧತೆಯೂ ಆಗುತ್ತದೆ.

ಎರಡನೆಯದು, ಕೊಡುವ ರೀತಿ. ಒಣಪುಡಿಯನ್ನು ಬಾಯಿಗೆ ಸುರಿಯಬೇಡಿ, ಅದು ಶ್ವಾಸನಾಳಕ್ಕೆ ಹೋಗಿ ಉಸಿರು ಕಟ್ಟಬಹುದು. ಅರ್ಧ ಲೋಟ ನೀರಿಗೆ ಅಳತೆಯ ಅರಿಶಿನ ಹಾಕಿ ಐದಾರು ನಿಮಿಷ ಕುದಿಸಿ. ಆರಿದ ಮೇಲೆ ಗಂಜಿಗೋ ಮುದ್ದೆಗೋ ಸೇರಿಸಿ, ನಾಲ್ಕೈದು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟು ಕಲೆಸಿ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ, ಅದಕ್ಕೇ ಎಣ್ಣೆ. ತೊಟ್ಟು ಅಂದೆ, ಸೌಟು ಅನ್ನಲಿಲ್ಲ. ಜಿಡ್ಡು ಹೆಚ್ಚಾದರೂ ನಾಯಿಗೆ ಭೇದಿ. ಹಾಲಿನಲ್ಲಿ ಕೊಡುವ ಪದ್ಧತಿ ಬಿಡಿ. ಬೆಳೆದ ನಾಯಿ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ. ಅರಿಶಿನದ ಹಾಲು ಕುಡಿಸಿ ಭೇದಿಯಾದರೆ, "ಕೆಟ್ಟದ್ದೆಲ್ಲ ಹೊರಗೆ ಹೋಯಿತು" ಎಂದು ಸಂತೋಷಪಡುವವರಿದ್ದಾರೆ. ಹೊರಗೆ ಹೋದದ್ದು ಮೈಯ ನೀರು, ಅಷ್ಟೆ.

ಮೂರನೆಯದು, ಯಾವ ಅರಿಶಿನ ಎಂಬುದು. ನೀವೇ ಬೆಳೆದು, ಬೇಯಿಸಿ, ಒಣಗಿಸಿ, ಬೀಸಿದ ಪುಡಿಯಷ್ಟು ನಂಬಿಕೆಯದು ಬೇರೆ ಇಲ್ಲ. ಐದು ಕಿಲೋ ಹಸಿಗೆಡ್ಡೆ ಒಣಗಿದರೆ ಸುಮಾರು ಒಂದು ಕಿಲೋ ಆಗುತ್ತದೆ ಎಂಬ ಲೆಕ್ಕ ಬೆಳೆಗಾರರಿಗೆ ಗೊತ್ತು. ಹಸಿ ಅರಿಶಿನ ತುರಿದು ಹಾಕುವವರು ಈ ಲೆಕ್ಕ ನೆನಪಿಟ್ಟರೆ ಅಳತೆ ತಪ್ಪದು. ಅಂಗಡಿಯ ಬಿಡಿಪುಡಿಯ ಬಣ್ಣ ಕಣ್ಣು ಕುಕ್ಕುವಂತಿದ್ದರೆ ಅನುಮಾನಪಡಿ. ಬಣ್ಣ ಏರಿಸಲು ಸೀಸದ ಕ್ರೋಮೇಟ್ ಎಂಬ ವಿಷವನ್ನೋ ಮೆಟಾನಿಲ್ ಹಳದಿ ಎಂಬ ಬಣ್ಣವನ್ನೋ ಬೆರೆಸುವ ಕೆಟ್ಟ ವ್ಯಾಪಾರ ಉಂಟು, ಎರಡೂ ಕಾನೂನಿಗೆ ವಿರುದ್ಧ. ಸೀಸ ನಾಯಿಗೂ ಕೆಡುಕು, ಅದೇ ಪುಡಿಯ ಸಾರು ಉಣ್ಣುವ ನಿಮ್ಮ ಮಕ್ಕಳಿಗಂತೂ ಇನ್ನೂ ಕೆಡುಕು. ಪೂಜೆಗೆಂದು ಮಾರುವ ಅಗ್ಗದ ಅರಿಶಿನ ಪುಡಿ, ಮುಖಕ್ಕೆ ಹಚ್ಚುವ ಕಸ್ತೂರಿ ಅರಿಶಿನ, ಕುಂಕುಮ, ಇವು ಯಾವುವೂ ಹೊಟ್ಟೆಗೆ ಹೋಗುವ ವಸ್ತುಗಳಲ್ಲ.

ನಾಲ್ಕನೆಯದು ತಾಯಂದಿರು ಗಮನವಿಟ್ಟು ಕೇಳಬೇಕಾದ ಮಾತು. "ನಮ್ಮ ಸಾರಿನಲ್ಲೇ ಅರಿಶಿನ ಇದೆಯಲ್ಲ, ಅದನ್ನೇ ಹಾಕಿದರಾಯಿತು" ಅನ್ನಬಹುದು ನೀವು. ಸಾರಿನಲ್ಲಿ ಅರಿಶಿನದ ಜೊತೆ ಈರುಳ್ಳಿ ಇದೆ, ಬೆಳ್ಳುಳ್ಳಿ ಇದೆ. ಇವೆರಡೂ ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಆ ದೋಷ ಹೋಗುವುದಿಲ್ಲ, ಬೆಕ್ಕಿಗೆ ಇನ್ನೂ ಬೇಗ ತಾಕುತ್ತದೆ. "ಇಷ್ಟು ವರ್ಷ ತಿಂದಿದೆ, ಏನೂ ಆಗಿಲ್ಲ" ಎಂದರೆ, ಸ್ವಲ್ಪ ಸ್ವಲ್ಪವಾಗಿ ರಕ್ತ ಕಡಿಮೆಯಾಗುವುದು ಕಣ್ಣಿಗೆ ಕಾಣುವುದಿಲ್ಲ ಎಂದು ಅರ್ಥ. ಸುಲಭ ಉಪಾಯ ಒಂದಿದೆ. ಬೇಳೆ ಬೆಂದ ಕೂಡಲೇ, ಈರುಳ್ಳಿ, ಖಾರ, ಉಪ್ಪು, ಒಗ್ಗರಣೆ ಬೀಳುವ ಮುಂಚೆ, ನಾಯಿಯ ಪಾಲು ಒಂದು ಸೌಟು ಬೇರೆ ತೆಗೆದಿಡಿ. ಖರ್ಚಿಲ್ಲದ ಕೆಲಸ.

ಇನ್ನು ಬೆಕ್ಕಿನ ವಿಚಾರ. ಬೆಕ್ಕನ್ನು ಸಣ್ಣ ನಾಯಿ ಎಂದು ತಿಳಿಯಬೇಡಿ, ಅದರ ಮೈಕಟ್ಟೇ ಬೇರೆ. ಲಿವರ್ ಅಂತೀವಲ್ಲ, ಆ ಪಿತ್ತಜನಕಾಂಗ ಅನೇಕ ವಸ್ತುಗಳನ್ನು ಕರಗಿಸಿ ಹೊರಗೆ ಹಾಕುವ ಕೆಲಸ ಮಾಡುತ್ತದೆ. ನಮ್ಮಲ್ಲೂ ನಾಯಿಯಲ್ಲೂ ಸಲೀಸಾಗಿ ನಡೆಯುವ ಈ ಕೆಲಸದ ಒಂದು ಮುಖ್ಯ ದಾರಿ ಬೆಕ್ಕಿನಲ್ಲಿ ಬಹಳ ಕಿರಿದು. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಒಂದು ಬೆಕ್ಕಿನ ಪ್ರಾಣ ತೆಗೆಯಬಲ್ಲದು, ಕಾರಣ ಇದೇ. ಕರ್ಕ್ಯುಮಿನ್ ಹೊರಗೆ ಹೋಗಬೇಕಾದದ್ದೂ ಹೆಚ್ಚಾಗಿ ಈ ದಾರಿಯಿಂದಲೇ. ಆದ್ದರಿಂದ ಬೆಕ್ಕಿಗೆ ಅರಿಶಿನವನ್ನು ಔಷಧವೆಂದು ದಿನಾ ಕೊಡಬೇಡಿ. ಬೇಯಿಸಿದ ಮೀನಿಗೆ ಅಂಟಿಕೊಂಡ ಚೂರು ಅರಿಶಿನ ಬಾಯಿಗೆ ಹೋದರೆ ಗಾಬರಿಯಾಗಬೇಕಿಲ್ಲ. ಅರಿಶಿನದ ಎಣ್ಣೆ, ಅರಿಶಿನದ ಸಾರದ ಗುಳಿಗೆಗಳಂತೂ ಬೆಕ್ಕಿನ ಹತ್ತಿರ ಸುಳಿಯಕೂಡದು.

ನಾಯಿಗಾದರೂ ಅರಿಶಿನ ಕೊಡಬಾರದ ಸಮಯಗಳಿವೆ. ಗಬ್ಬದ ನಾಯಿಗೆ, ಹಾಲೂಡಿಸುವ ನಾಯಿಗೆ ಕೊಡಬೇಡಿ. ಕಾಮಾಲೆ ಇದ್ದಾಗ, ಪಿತ್ತಕೋಶದ ತೊಂದರೆ ಇದ್ದಾಗ, ಉಚ್ಚೆಯಲ್ಲಿ ಹರಳು ಕಂಡಿದ್ದಾಗ ಬೇಡ. ಅರಿಶಿನದಲ್ಲಿ ಆಕ್ಸಲೇಟ್ ಎಂಬ, ಹರಳು ಕಟ್ಟುವ ಅಂಶ ಉಂಟು. ರಕ್ತ ಹೆಪ್ಪುಗಟ್ಟುವುದನ್ನು ಅದು ಸ್ವಲ್ಪ ತಡೆಯಬಹುದಾದ್ದರಿಂದ, ಸಂತಾನಹರಣ ಶಸ್ತ್ರಚಿಕಿತ್ಸೆಗೆ ನಾಯಿಯನ್ನು ಒಯ್ಯುವ ಎರಡು ವಾರ ಮೊದಲೇ ನಿಲ್ಲಿಸಿ. ನೋವಿನ ಮಾತ್ರೆ, ಸಕ್ಕರೆ ಕಾಯಿಲೆಯ ಔಷಧ ನಡೆಯುತ್ತಿದ್ದರೆ ಡಾಕ್ಟರನ್ನು ಕೇಳದೆ ಕೊಡಬೇಡಿ. ಜಂತುಹುಳುವಿಗೂ ಅರಿಶಿನ ಮದ್ದಲ್ಲ, ಅದಕ್ಕೆ ಬೇರೆ ಮಾತ್ರೆ ಇದೆ. ಬೆಳೆದ ನಾಯಿಗೆ ಮೂರು ತಿಂಗಳಿಗೊಮ್ಮೆ ಕೊಡಿಸಿ.

ಹೊರಗೆ ಹಚ್ಚಿದ ಅರಿಶಿನವೂ ಕೊನೆಗೆ ಹೊಟ್ಟೆಗೇ ಹೋಗುತ್ತದೆ, ಯಾಕೆಂದರೆ ನಾಯಿ ಬೆಕ್ಕು ತಮ್ಮ ಗಾಯ ನೆಕ್ಕುತ್ತವೆ. ಹಸುವಿನ ಕೆಚ್ಚಲ ಬಾವಿಗೆ ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚುವ ಪದ್ಧತಿ ನಿಮಗೆ ಗೊತ್ತಿದೆ. ಹಸುವಿಗೆ ಅದು ಸರಿ. ಅದೇ ಲೇಪವನ್ನು ನಾಯಿಯ ಗಾಯಕ್ಕೆ ಹಚ್ಚಿದರೆ ಸುಣ್ಣ ನಾಲಿಗೆಯನ್ನೂ ಗಂಟಲನ್ನೂ ಸುಡುತ್ತದೆ. ಗಾಯದಲ್ಲಿ ಹುಳು ಬಿದ್ದಿದ್ದರೆ ಮೇಲೆ ಅರಿಶಿನ ತುಂಬಿದಷ್ಟೂ ಹುಳು ಒಳಕ್ಕೆ ಸೇರಿಕೊಳ್ಳುತ್ತದೆ, ಕಣ್ಣಿಗೆ ಮರೆಯಾಗುತ್ತದೆ. ಅಂಥ ಗಾಯವನ್ನು ತಡಮಾಡದೆ ಪಶು ಆಸ್ಪತ್ರೆಯಲ್ಲಿ ತೋರಿಸಿ.

ಇಲ್ಲಿ ನಿಮ್ಮ ಮಕ್ಕಳ ಪ್ರಾಣದ ಮಾತೊಂದನ್ನು ಹೇಳಲೇಬೇಕು. ನಾಯಿಯೋ ಬೆಕ್ಕೋ ಮಕ್ಕಳನ್ನು ಕಚ್ಚಿದರೆ, ಪರಚಿದರೆ, ಗಾಯಕ್ಕೆ ಅರಿಶಿನ, ಸುಣ್ಣ, ಕಾಫಿಪುಡಿ, ಖಾರದಪುಡಿ ಮೆತ್ತಬೇಡಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಪೂರ್ತಿ 15 ನಿಮಿಷ ತೊಳೆಯಿರಿ. ಅದೇ ದಿನ ಆಸ್ಪತ್ರೆಗೆ ಹೋಗಿ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಅವರು ಹೇಳಿದ ದಿನಗಳಂದು ತಪ್ಪದೆ ಮುಗಿಸಿ. ಹೊಕ್ಕುಳ ಸುತ್ತ 14 ಸೂಜಿ ಚುಚ್ಚುತ್ತಿದ್ದ ಕಾಲ ಮುಗಿದುಹೋಗಿದೆ, ಈಗ ತೋಳಿಗೆ ಕೆಲವೇ ಸೂಜಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಮದ್ದು ಯಾರ ಹತ್ತಿರವೂ ಇಲ್ಲ. ನಿಮ್ಮ ನಾಯಿ ಬೆಕ್ಕುಗಳಿಗೂ ಮೂರು ತಿಂಗಳ ವಯಸ್ಸಿಗೆ ಮೊದಲ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ವರ್ಷವರ್ಷವೂ ಹಾಕಿಸಿ.

ಕೊನೆಯದಾಗಿ, ಕರಿಯನ ಮನೆಯವರಿಗೆ ನಾನು ಕಲಿಸಿದ ಒಂದು ಪರೀಕ್ಷೆಯನ್ನು ನಿಮಗೂ ಹೇಳಿಬಿಡುತ್ತೇನೆ. ನಾಯಿ ಊಟ ಬಿಟ್ಟರೆ ಒದ್ದೆ ಬಟ್ಟೆಯಿಂದ ಅದರ ವಸಡನ್ನು ಒರೆಸಿ ನೋಡಿ. ಅರಿಶಿನದ ಬಣ್ಣವಾದರೆ ಬಟ್ಟೆಗೆ ಬರುತ್ತದೆ. ಬಟ್ಟೆಗೆ ಬಾರದ ಹಳದಿ ರೋಗದ ಹಳದಿ. ಆಮೇಲೆ ಮೇಲಿನ ರೆಪ್ಪೆ ಎತ್ತಿ ಕಣ್ಣಿನ ಬಿಳಿಯನ್ನು ನೋಡಿ, ಕಿವಿ ಮಗುಚಿ ಒಳಗಿನ ಚರ್ಮ ನೋಡಿ. ಅಲ್ಲಿ ಹಳದಿ ಕಂಡರೆ, ಅಥವಾ ವಸಡು ಗುಲಾಬಿಯಾಗಿರದೆ ಬಿಳಿಚಿಕೊಂಡಿದ್ದರೆ, ಅದೇ ದಿನ ಪಶುವೈದ್ಯರಲ್ಲಿಗೆ ಹೋಗಿ. ಹೋಗಲು ಅನುಕೂಲವಿಲ್ಲದಿದ್ದರೆ 1962 ಎಂಬ ಸಂಖ್ಯೆಗೆ ಫೋನು ಮಾಡಿ ಕೇಳಿ. ಉಣ್ಣಿ ಜ್ವರ ಇರಬಹುದು, ಇಲಿಜ್ವರವೂ ಇರಬಹುದು. ಇಲಿಜ್ವರವಾದರೆ ನಾಯಿಯ ಉಚ್ಚೆಯಿಂದ ಮನೆಯವರಿಗೂ ಅಂಟುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ. ಬೇಗ ಹಿಡಿದರೆ ಈ ಎರಡು ರೋಗಗಳಿಗೂ ಚಿಕಿತ್ಸೆ ಉಂಟು. ಹೋಗುವಾಗ ಏನೇನು ತಿನ್ನಿಸಿದಿರಿ, ಎಷ್ಟು ಅರಿಶಿನ ಕೊಟ್ಟಿರಿ ಎಂಬುದನ್ನು ಮುಚ್ಚಿಡಬೇಡಿ. ಡಾಕ್ಟರು ಬಯ್ದರೂ ಪರವಾಗಿಲ್ಲ, ಅದು ತಿಳಿದರೆ ಅವರ ಕೆಲಸ ಅರ್ಧ ಹಗುರ.

ಮುಂದಿನ ವರ್ಷ ಅದೇ ಮನೆಗೆ ಹೋದಾಗ ಹೊಸ ಮರಿಯೊಂದು ಅಂಗಳದಲ್ಲಿ ಆಡುತ್ತಿತ್ತು. ಅಜ್ಜಿ ಅದನ್ನು ಮಡಿಲಲ್ಲಿ ಹಾಕಿಕೊಂಡು, ಕಿವಿ ಮಗುಚಿ, ಬೆರಳ ಸಂದುಗಳಲ್ಲಿ ಉಣ್ಣಿ ಹುಡುಕುತ್ತಿದ್ದರು. "ಮುದ್ದೆಗೆ ಒಂದು ಚಿಟಿಕೆ ಅರಿಶಿನ ಹಾಕಬಹುದಾ ಡಾಕ್ಟ್ರಪ್ಪ?" ಎಂದು ಕೇಳಿದರು.

"ಇನ್ನೂ ಮರಿ ಅವ್ವ. ಬೆಳೆಯಲಿ, ಆಮೇಲೆ ಹಾಕಿ. ಲಸಿಕೆ ಹಾಕಿಸಿದ್ದೀರಾ?" ಎಂದೆ. ಅವರು ಎದ್ದು ಒಳಗೆ ಹೋಗಿ, ಲಸಿಕೆಯ ಚೀಟಿಯನ್ನು ಒಗ್ಗರಣೆ ಡಬ್ಬಿಯ ಪಕ್ಕದಿಂದಲೇ ತೆಗೆದು ತಂದು ತೋರಿಸಿದರು.

ನಿಮ್ಮ ಮನೆಯಲ್ಲೂ ಹಾಗೇ ಆಗಲಿ. ಅರಿಶಿನದ ಪಕ್ಕದಲ್ಲಿ ಲಸಿಕೆಯ ಚೀಟಿಯೂ ಇರಲಿ.